ತೇವದ ಹತ್ತಿಯ ಮೇಲೊಂದು ಎಲೆ

ಅಗಲವಾದ ತಟ್ಟೆಯೊಂದರಲ್ಲಿ ನೀರು ಕುಡಿದ ಹತ್ತಿಯ ಹಾಸು. ಅದರ ಮೇಲೆ ಬೋರಲು ಮಲಗಿಸಿದ ಹಿಪ್ಪುನೇರಳೆ ಎಲೆಯ ತುಂಡು, ಅಂಗುಲ ಉದ್ದ, ಅಂಗುಲ ಅಗಲ. ಎಲೆಯ ತಳಭಾಗ ಮೇಲಕ್ಕೆ ಕಾಣುವ ಹಾಗೆ ಇಡುತ್ತಾರೆ, ಏಕೆಂದರೆ ಸಾಕಬೇಕಾದ ಜೀವಿ ಬದುಕುವುದು ಅಲ್ಲಿಯೇ. ಬೆಳೆಗಳ ನುಸಿಯನ್ನು ಪ್ರಯೋಗಾಲಯದಲ್ಲಿ ಸಾಕಲು ಬೇಕಾದ ಮನೆ ಇಷ್ಟೇ. ಹತ್ತಿಯ ತೇವ ಎಲೆ ಬಾಡದಂತೆ ಕಾಯುತ್ತದೆ, ನುಸಿ ಓಡಿಹೋಗದಂತೆಯೂ ಕಾಯುತ್ತದೆ. ಅರ್ಧ ಮಿಲಿಮೀಟರಿನ ಪ್ರಾಣಿಗೆ ಒದ್ದೆ ಹತ್ತಿಯನ್ನು ದಾಟುವುದು ನಮಗೆ ಹೊಳೆ ದಾಟಿದ ಹಾಗೆ. ಎಲೆಯ ತುಂಡೇ ಅದರ ಊರು.

ಈ ಊರಿಗೆ ಒಂದು ಹೆಣ್ಣು ನುಸಿಯನ್ನು ಬಿಡಬೇಕು. ಚಿಮಟದಲ್ಲಿ ಹಿಡಿದರೆ ಜಜ್ಜಿಹೋಗುತ್ತದೆ. ಅದಕ್ಕಾಗಿ ಸೊನ್ನೆ ನಂಬರಿನ ಕುಂಚದ ತುದಿಯನ್ನು ಒದ್ದೆ ಮಾಡಿ, ಸೂಕ್ಷ್ಮದರ್ಶಕದಡಿ ನೋಡುತ್ತ, ನುಸಿ ತಾನೇ ಕೂದಲಿನ ಮೇಲೆ ಹತ್ತುವವರೆಗೆ ಕಾಯುತ್ತಾರೆ. ಬಿಟ್ಟ ಗಂಟೆ, ಮೊದಲ ಮೊಟ್ಟೆಯ ಗಂಟೆ, ಅದು ಒಡೆದ ಗಂಟೆ, ಎಲ್ಲವನ್ನೂ ಬರೆದಿಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಎಲೆ ಹಳದಿಯಾಗುತ್ತದೆ, ಆಗ ಹೊಸ ತುಂಡಿನ ಮೇಲೆ ಹಳೆಯದನ್ನು ಇಟ್ಟು ನುಸಿಗಳನ್ನು ದಾಟಿಸಬೇಕು. ಬೇಸರ ಹಿಡಿಸುವ ಕೆಲಸ ಎಂದು ದೂರದಿಂದ ಅನ್ನಿಸಬಹುದು. ಆದರೆ ಹೂವಿನಹಡಗಲಿಯ ಮಲ್ಲಿಗೆ ತೋಟದಲ್ಲಿ, ಕೊಟ್ಟೂರಿನ ಜೋಳದ ಹೊಲದಲ್ಲಿ, ಹರಪನಹಳ್ಳಿಯ ಮೆಣಸಿನ ಗಿಡದಲ್ಲಿ ನಡೆಯುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ. ಹೊಲದಲ್ಲಿ ನಮಗೆ ಕಾಣುವುದು ನುಸಿ. ಈ ತಟ್ಟೆಯಲ್ಲಿ ಕಾಣುವುದು ಅದರ ದಿನಗಳು.

ನುಸಿ ಎಂಬ ಮಾತನ್ನು ಕನ್ನಡದಲ್ಲಿ ನಾವು ಧಾರಾಳವಾಗಿ ಬಳಸುತ್ತೇವೆ. ಕಾಳಿಗೆ ಹತ್ತುವುದೂ ನುಸಿ, ಟ್ರಂಕಿನ ಸೀರೆಗಳ ನಡುವೆ ಇಡುವುದು ನುಸಿಗುಳಿಗೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬೇಗನೆ ನಮ್ಮ ತೆಂಗಿನ ತೋಟಗಳಿಗೂ ಹಬ್ಬಿದ ಪೀಡೆಗೆ ನುಸಿಪೀಡೆ ಎಂದೇ ಹೆಸರಾಯಿತು. ಕೃಷಿ ವಿಜ್ಞಾನದ ಕನ್ನಡದಲ್ಲಿ ಈ ಪದಕ್ಕೆ ಒಂದು ನಿಶ್ಚಿತ ಅರ್ಥವಿದೆ. ನುಸಿ ಕೀಟವಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ಜೇಡರ ನುಸಿಗೆ ಎಂಟು. ಅದರ ಬಳಗ ಜೇಡ, ಚೇಳು ಮತ್ತು ಉಣ್ಣಿಯದು. ಕೂಡ್ಲಿಗಿ ಸೀಮೆಯಲ್ಲಿ ಕುರಿಯ ಕಿವಿಯ ಸಂದಿಯಿಂದ ಉಣ್ಣಿ ಕಿತ್ತವರು ನುಸಿಯ ದೊಡ್ಡ ದಾಯಾದಿಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದಾರೆ. ಈ ಭೇದ ಬರೀ ಪುಸ್ತಕದ ಮಾತಲ್ಲ. ಕೀಟವನ್ನು ಕೊಲ್ಲುವ ಎಷ್ಟೋ ಔಷಧಿಗಳು ನುಸಿಯನ್ನು ಮುಟ್ಟುವುದೇ ಇಲ್ಲ.

ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಸಾಕಲ್ಪಟ್ಟ ಬೆಳೆ ನುಸಿ ಎರಡು ಚುಕ್ಕೆಯ ಜೇಡರ ನುಸಿ, ಟೆಟ್ರಾನಿಕಸ್ ಉರ್ಟಿಕೇ. 1836ರಲ್ಲಿ ಜರ್ಮನಿಯ ಕೋಖ್ ಇದನ್ನು ವಿವರಿಸಿದರು. ಬೆಂಡೆ, ಬದನೆ, ಟೊಮೆಟೊ, ಗುಲಾಬಿ, ಮಲ್ಲಿಗೆ, ಇದು ಏರದ ಗಿಡ ಕಡಿಮೆ. ಎಲೆಯ ಜೀವಕೋಶವನ್ನು ಸೂಜಿಯಂಥ ಬಾಯಿಂದ ಚುಚ್ಚಿ ಹಸಿರನ್ನು ಹೀರುತ್ತದೆ. ಖಾಲಿಯಾದ ಕೋಶಗಳು ಎಲೆಯ ಮೇಲೆ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ನಮ್ಮ ಒಣ ಸೀಮೆಯ ಜೋಳದಲ್ಲಿ ಬೇರೊಂದು ತಂಗಿ ಇದ್ದಾಳೆ, ಒಲಿಗೋನಿಕಸ್ ಇಂಡಿಕಸ್. ಅವಳು ಕೂತ ಎಲೆ ಕೆಂಪೇರಿ, ತಳದಲ್ಲಿ ತೆಳು ಬಲೆ ಕಟ್ಟಿಕೊಳ್ಳುತ್ತದೆ.

ತಟ್ಟೆಗೆ ಮರಳೋಣ. ಹೆಣ್ಣು ನುಸಿ ಎಲೆಯ ನರದ ಪಕ್ಕದಲ್ಲಿ ಮೊಟ್ಟೆಯಿಡುತ್ತದೆ. ಅಡ್ಡಳತೆ ಮಿಲಿಮೀಟರಿನ ಎಂಟನೇ ಒಂದು ಭಾಗ, ಆಕಾರ ಪೂರ್ತಿ ದುಂಡು. ಇಟ್ಟಾಗ ನೀರ ಹನಿಯಂತೆ ಪಾರದರ್ಶಕ. ದಿನ ಕಳೆದಂತೆ ಮಬ್ಬಾಗಿ, ಹಳದಿಗೆ ತಿರುಗಿ, ಕೊನೆಗೆ ಒಳಗೆ ಎರಡು ಕೆಂಪು ಕಣ್ಣು ಮೂಡುತ್ತವೆ. 25ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ದಿನದ ಆಸುಪಾಸು ಅದು ಒಡೆಯುತ್ತದೆ. ಹೊರಬಂದ ಮರಿಗೆ ಎಂಟಲ್ಲ, ಆರೇ ಕಾಲು. ಒಂದು ದಿನ ತಿನ್ನುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮುಂಗಾಲು ಮುಂದಕ್ಕೆ ಚಾಚಿ, ಹಿಂಗಾಲು ಹಿಂದಕ್ಕೆ ಮಡಚಿ, ಎಲೆಗೆ ಅಂಟಿಕೊಂಡು ಸತ್ತ ಹಾಗೆ ಇರುತ್ತದೆ. ಮೊದಲ ಸಲ ನೋಡಿದವರು ಸತ್ತಿತು ಎಂದೇ ಬರೆದುಕೊಳ್ಳುವುದುಂಟು. ಮೈಮೇಲೆ ಬೆಳ್ಳಿಯ ಹೊಳಪು ಬರುತ್ತದೆ, ಹಳೆಯ ಚರ್ಮ ಬೆನ್ನ ಮೇಲೆ ಅಡ್ಡಕ್ಕೆ ಬಿರಿಯುತ್ತದೆ, ಒಳಗಿಂದ ಎಂಟು ಕಾಲಿನ ಪ್ರಾಣಿ ಹಿಂದೆ ಸರಿದು ಈಚೆ ಬರುತ್ತದೆ.

ಹೀಗೆ ಮೂರು ಸಲ ನಿಲ್ಲುತ್ತದೆ. ಆರು ಕಾಲಿನ ಮರಿ, ಮೊದಲ ಎಳೆನುಸಿ, ಎರಡನೆಯ ಎಳೆನುಸಿ, ಪ್ರತಿಯೊಂದರ ಕೊನೆಗೂ ಒಂದು ಸ್ತಬ್ಧ ಘಟ್ಟ. ನುಸಿಯ ಬಾಲ್ಯದಲ್ಲಿ ಅರ್ಧದಷ್ಟು ಹೊತ್ತು ಹೀಗೆ ತಿನ್ನದೆ, ನಡೆಯದೆ ಹೋಗುತ್ತದೆ. ಮೊಟ್ಟೆಯನ್ನೂ ಸೇರಿಸಿಕೊಂಡರೆ, ಯಾವುದೇ ದಿನ ಎಲೆಯ ಮೇಲಿರುವ ಬಳಗದಲ್ಲಿ ಓಡಾಡುವವು ಒಂದು ಪಾಲು ಮಾತ್ರ. ಹೊಲದಲ್ಲಿ ನಿಂತು ನಾವು ಎಣಿಸುವುದು ಆ ಓಡಾಡುವ ಪಾಲನ್ನು.

ಕೊನೆಯ ಸ್ತಬ್ಧ ಘಟ್ಟದಲ್ಲಿರುವ ಹೆಣ್ಣಿನ ಪಕ್ಕ ಬಹಳ ಸಲ ಒಂದು ಗಂಡು ಕೂತಿರುತ್ತದೆ. ಗಂಡು ಚಿಕ್ಕದು, ಹಿಂಭಾಗ ಚೂಪು. ಹೆಣ್ಣಿಗಿಂತ ಸ್ವಲ್ಪ ಮೊದಲೇ ಬೆಳೆದು, ಪೊರೆ ಬಿಡಲು ಕಾದಿರುವ ಹೆಣ್ಣನ್ನು ಹುಡುಕಿ, ಅದರ ಮೇಲೆ ಕಾಲಿಟ್ಟು ಗಂಟೆಗಟ್ಟಲೆ ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಮುಂಗಾಲು ಎತ್ತಿ ಜಗಳ. ಈ ಕಾವಲಿಗೆ ಕಾರಣವಿದೆ. ಹೆಣ್ಣು ಎಷ್ಟೇ ಸಲ ಕೂಡಿದರೂ ಸಾಮಾನ್ಯವಾಗಿ ಮೊದಲ ಗಂಡಿನ ವೀರ್ಯಾಣುಗಳೇ ಮೊಟ್ಟೆಗಳಿಗೆ ಸೇರುತ್ತವೆ. ತಡವಾಗಿ ಬಂದವನಿಗೆ ಸಂತಾನವಿಲ್ಲ.

ಈಗ ಆ ತಟ್ಟೆಯ ಅತಿ ದೊಡ್ಡ ಸೋಜಿಗ. ಸ್ತಬ್ಧ ಘಟ್ಟದಲ್ಲಿರುವ ಹೆಣ್ಣನ್ನು ಎತ್ತಿ, ಗಂಡಿನ ಸಂಪರ್ಕವೇ ಇಲ್ಲದ ಬೇರೆ ಎಲೆಯ ಮೇಲೆ ಒಂಟಿಯಾಗಿ ಇಡಿ. ಅದು ಪೊರೆ ಬಿಟ್ಟು, ಎರಡು ದಿನದೊಳಗೆ ಮೊಟ್ಟೆ ಇಡತೊಡಗುತ್ತದೆ. ಮೊಟ್ಟೆಗಳು ಒಡೆಯುತ್ತವೆ, ಮರಿಗಳು ಬೆಳೆಯುತ್ತವೆ. ಆದರೆ ಎಲ್ಲವೂ ಗಂಡು. ಕೂಡಿದ ಹೆಣ್ಣಿನ ಎಲೆಯಲ್ಲಿ ಮಾತ್ರ ಹೆಣ್ಣು ಮರಿಗಳು ಕಾಣುತ್ತವೆ, ಸಾಮಾನ್ಯವಾಗಿ ಮೂರು ಹೆಣ್ಣಿಗೆ ಒಂದು ಗಂಡು.

ಜೇನು ಸಾಕುವವರಿಗೆ ಇದು ಹೊಸದಲ್ಲ. ಗಂಡು ಜೇನು ತಂದೆಯಿಲ್ಲದೆ ಹುಟ್ಟುತ್ತದೆ ಎಂದು ಯುರೋಪಿನ ಪಾದ್ರಿ ಯೊಹಾನ್ ಜೀರ್ಜೋನ್ 1845ರಲ್ಲಿಯೇ ಹೇಳಿದ್ದರು. ಜೇಡರ ನುಸಿಯದ್ದೂ ಅದೇ ಕಟ್ಟಳೆ. ಗಂಡಿನ ಬೀಜ ಸೇರಿದ ಮೊಟ್ಟೆಯಲ್ಲಿ ತಾಯಿಯ ಮೂರು, ತಂದೆಯ ಮೂರು, ಒಟ್ಟು ಆರು ವರ್ಣತಂತುಗಳು. ಅದು ಹೆಣ್ಣು. ಬೀಜ ಸೇರದ ಮೊಟ್ಟೆಯಲ್ಲಿ ತಾಯಿಯ ಮೂರು ಮಾತ್ರ. ಅದು ಗಂಡು. ಹಾಗಾಗಿ ಗಂಡು ನುಸಿಗೆ ತಂದೆಯಿಲ್ಲ, ಅಜ್ಜನಿದ್ದಾನೆ.

ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಗಾಳಿಯಲ್ಲಿ ನೂಲಿನ ಎಳೆ ಹಿಡಿದು ತೇಲಿ ಬಂದ ಒಂದೇ ಒಂದು ಕನ್ಯೆ ನುಸಿ ಹೊಸ ತೋಟದ ಒಂದು ಎಲೆಯ ಮೇಲೆ ಇಳಿಯಿತು ಎನ್ನಿ. ಬೇರೆ ಜೀವಿಯಾಗಿದ್ದರೆ ಅಲ್ಲಿಗೆ ವಂಶ ಮುಗಿಯಿತು. ನುಸಿಗೆ ಮುಗಿಯುವುದಿಲ್ಲ. ಅದು ಗಂಡು ಮೊಟ್ಟೆಗಳನ್ನು ಇಡುತ್ತದೆ. ಹತ್ತು ದಿನದಲ್ಲಿ ಆ ಗಂಡುಗಳು ಬೆಳೆಯುತ್ತವೆ. ಎರಡು ಮೂರು ವಾರ ಬದುಕುವ ತಾಯಿ ಅಷ್ಟರಲ್ಲಿ ಸತ್ತಿರುವುದಿಲ್ಲ. ತನ್ನ ಮಗನನ್ನೇ ಕೂಡಿ ಹೆಣ್ಣು ಮೊಟ್ಟೆಗಳನ್ನು ಇಡತೊಡಗಬಲ್ಲದು. ಮನುಷ್ಯರ ಮರ್ಯಾದೆಯ ಮಾತುಗಳನ್ನು ಇಲ್ಲಿಗೆ ತರುವುದು ಬೇಡ. ಒಂದು ಜೀವ ಒಂದು ಊರನ್ನು ಕಟ್ಟಬಲ್ಲದು ಎಂಬುದಷ್ಟೇ ಇಲ್ಲಿನ ವಿಷಯ.

ಹೆಣ್ಣೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ 1967ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಉತ್ತರ ಕೊಟ್ಟರು. ಒಂದೆರಡು ತಾಯಂದಿರ ಮಕ್ಕಳೇ ಒಂದು ಎಲೆಯಲ್ಲಿ ಬೆಳೆದು ಅಲ್ಲಿಯೇ ಜೋಡಿಯಾಗುವಾಗ, ಗಂಡು ಮಕ್ಕಳು ಹೆಚ್ಚಾದರೆ ಅಣ್ಣತಮ್ಮಂದಿರೇ ಒಬ್ಬರಿಗೊಬ್ಬರು ಪೈಪೋಟಿ. ಕೆಲವೇ ಗಂಡು ಸಾಕು, ಉಳಿದ ಶ್ರಮವನ್ನು ಹೆಣ್ಣು ಮಕ್ಕಳಿಗೆ ಹಾಕಿದ ತಾಯಿಯ ವಂಶ ಹಬ್ಬುತ್ತದೆ. ಎಲೆಯಲ್ಲಿ ತಾಯಂದಿರು ಹೆಚ್ಚಾದಾಗ ಗಂಡುಗಳ ಪಾಲೂ ಏರುತ್ತದೆ. ಇದನ್ನು ಜೇಡರ ನುಸಿಯ ತಟ್ಟೆಗಳಲ್ಲೇ ಅಳೆದು ನೋಡಿದ್ದಾರೆ. ತಾಯಿಯ ಕೈಯಲ್ಲಿ ಇನ್ನೂ ಒಂದು ಉಪಾಯವಿದೆ: ದೊಡ್ಡ ಮೊಟ್ಟೆಗೆ ವೀರ್ಯಾಣು ಸೇರುವ ಸಾಧ್ಯತೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಮೊಟ್ಟೆಯ ಗಾತ್ರದಲ್ಲೇ ಮಗುವಿನ ಲಿಂಗದ ಸುಳಿವು ಇರುತ್ತದೆ.

ಒಂದು ಕಾಗದದ ಲೆಕ್ಕ ಹಾಕೋಣ. ಒಳ್ಳೆಯ ಎಲೆಯ ಮೇಲೆ ಒಂದು ಹೆಣ್ಣು ಸುಮಾರು 100 ಮೊಟ್ಟೆ ಇಡುತ್ತದೆ, ಅದರಲ್ಲಿ 75 ಹೆಣ್ಣು. ಆ 75ರಿಂದ 5,625. ಅವುಗಳಿಂದ 4,21,875. ಬೆಚ್ಚಗಿನ ದಿನಗಳಲ್ಲಿ ಇದು ಒಂದೂವರೆ ತಿಂಗಳ ಮಾತು. ಹೊಲದಲ್ಲಿ ಮಳೆ ತೊಳೆಯುತ್ತದೆ, ಶತ್ರುಗಳು ತಿನ್ನುತ್ತವೆ, ಎಲೆ ಒಣಗುತ್ತದೆ, ಹಾಗಾಗಿ ಲೆಕ್ಕ ಪೂರ್ತಿಯಾಗುವುದಿಲ್ಲ. ಆದರೆ ಹೋದ ವಾರ ಏನೂ ಇರಲಿಲ್ಲ, ಈ ವಾರ ತೋಟವೇ ಕೆಂಪಾಯಿತು ಎಂಬ ರೈತನ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ ಎಂದು ಈ ಲೆಕ್ಕ ಹೇಳುತ್ತದೆ.

ಬಿಸಿಲು ಈ ಗಡಿಯಾರವನ್ನು ತಿರುಗಿಸುತ್ತದೆ. ನುಸಿಗೆ ತನ್ನದೇ ಮೈಬಿಸಿ ಇಲ್ಲ. 15 ಡಿಗ್ರಿಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ತಿಂಗಳಿಗೂ ಹೆಚ್ಚು ಬೇಕು, 20ರಲ್ಲಿ ಎರಡು ವಾರಕ್ಕೆ ಮೇಲೆ, 30ರಲ್ಲಿ ಒಂದು ವಾರದ ಆಸುಪಾಸು ಸಾಕು. ಯುರೋಪಿನ ಚಳಿಗಾಲದಲ್ಲಿ ಹೆಣ್ಣು ನುಸಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿ, ಮೊಟ್ಟೆಯಿಡುವುದನ್ನು ನಿಲ್ಲಿಸಿ ತಿಂಗಳುಗಟ್ಟಲೆ ಮಲಗುತ್ತವೆ. ವಿಜಯನಗರ ಜಿಲ್ಲೆಯ ನಮ್ಮ ತಾಲ್ಲೂಕುಗಳಲ್ಲಿ ಅಂಥ ಚಳಿ ಎಲ್ಲಿದೆ? ಇಲ್ಲಿ ನುಸಿಯ ವರ್ಷಕ್ಕೆ ರಜೆಯಿಲ್ಲ. ಮಾಘ ಕಳೆದು ಗಾಳಿ ಒಣಗುತ್ತಿದ್ದಂತೆ, ಹಗರಿಬೊಮ್ಮನಹಳ್ಳಿಯ ಮಣ್ಣಿನ ದಾರಿಯ ಪಕ್ಕದ ಗಿಡಗಳಿಗೆ ಧೂಳು ಕೂರುತ್ತಿದ್ದಂತೆ, ಅದರ ತಲೆಮಾರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಧೂಳು ನುಸಿಗಿಂತ ಹೆಚ್ಚಾಗಿ ಅದನ್ನು ತಿನ್ನುವ ಜೀವಿಗಳಿಗೆ ತೊಂದರೆ ಕೊಡುತ್ತದೆ.

ಹಡಗಲಿಯ ಮಲ್ಲಿಗೆಗೆ ಬರೋಣ. ವಾಸನೆ ಮಲ್ಲಿಗೆ ಎಂದು ಕರೆಸಿಕೊಳ್ಳುವ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹೂವಿನ ಊರಿನಲ್ಲಿ ನುಸಿಯ ಕಥೆ ಬೇರೆ ತಿರುವು ಪಡೆಯುತ್ತದೆ. ಮಲ್ಲಿಗೆಯ ಎಲೆ, ಎಳೆ ಕಾಂಡ, ಮೊಗ್ಗುಗಳ ಮೇಲೆ ಕೆಲವೊಮ್ಮೆ ಬಿಳಿ ಕಂಬಳಿಯ ಚೂರು ಅಂಟಿಸಿದ ಹಾಗೆ ಕೂದಲು ಬೆಳೆಯುತ್ತದೆ. ಗಿಡ ಕುಗ್ಗುತ್ತದೆ, ಹೂವು ಇಳಿಯುತ್ತದೆ. ನೋಡಿದವರು ಬೂಷ್ಟು ಎನ್ನುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ. ಇಂಥ ಕೂದಲ ತೇಪೆಗಳನ್ನು ಯುರೋಪಿನ ಸಸ್ಯವಿಜ್ಞಾನಿಗಳೂ ಹಿಂದೆ ಶಿಲೀಂಧ್ರವೆಂದು ತಿಳಿದು, ಎರಿನಿಯಂ ಎಂಬ ಶಿಲೀಂಧ್ರದ ಹೆಸರನ್ನೇ ಕೊಟ್ಟಿದ್ದರು. ಆ ಕೂದಲು ಗಿಡದ್ದೇ. ನುಸಿಯ ಜೊಲ್ಲು ತಾಗಿದ ಎಲೆಯ ಹೊರಪದರದ ಕೋಶಗಳು ದಿಕ್ಕೆಟ್ಟು ಉದ್ದಕ್ಕೆ ಬೆಳೆಯುತ್ತವೆ. ಆ ಕೂದಲ ಕಾಡಿನೊಳಗೆ ನುಸಿ ಬೆಚ್ಚಗೆ ಸಂಸಾರ ಹೂಡುತ್ತದೆ.

ಆ ನುಸಿಯ ಹೆಸರು ಅಸೇರಿಯಾ ಜಾಸ್ಮಿನಿ. ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಕನ್ನಡಿಗರೇ ಆದ ಜಿ. ಪಿ. ಚನ್ನಬಸವಣ್ಣ. ಬೆಂಗಳೂರಿನ ಹೆಬ್ಬಾಳದಲ್ಲಿ ಕೆಲಸ ಮಾಡಿದ ಅವರು ಭಾರತದ ಇಂಥ ನುಸಿಗಳ ಬಗ್ಗೆ ಬರೆದ ಗ್ರಂಥ 1966ರಲ್ಲಿ ಪ್ರಕಟವಾಯಿತು. ಜಾತಿಯ ಹೆಸರಿನ ಪಕ್ಕ ವಿವರಿಸಿದವರ ಹೆಸರು ಬರೆಯುವುದು ಪದ್ಧತಿಯಾದ್ದರಿಂದ, ಜಗತ್ತಿನಲ್ಲಿ ಯಾರು ಮಲ್ಲಿಗೆ ನುಸಿಯ ಪೂರ್ತಿ ಹೆಸರು ಬರೆದರೂ ಚನ್ನಬಸವಣ್ಣನವರ ಹೆಸರು ಬರೆಯಲೇಬೇಕು. ನುಸಿವಿಜ್ಞಾನದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ 1986ರಲ್ಲಿ ಬೆಂಗಳೂರಿನಲ್ಲಿ ನಡೆದದ್ದರ ಹಿಂದೆ ಅವರ ಶ್ರಮವಿತ್ತು. ಕೃಷಿ ನುಸಿಗಳ ಕುರಿತ ಅಖಿಲ ಭಾರತ ಯೋಜನೆಯ ಸಮನ್ವಯ ಕೇಂದ್ರವೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿಯೇ ಇದೆ. ಮಲ್ಲಿಗೆ ಬೆಳೆಯುವ ನಾಡಿನ ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

ಅಸೇರಿಯಾ ಬರಿಗಣ್ಣಿಗೆ ಕಾಣುವುದೇ ಇಲ್ಲ. ಉದ್ದ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ಆಕಾರ ಗಜ್ಜರಿಯಂತೆ, ಕಾಲು ನಾಲ್ಕೇ. ಎಂಟು ಕಾಲಿನ ಬಳಗದಲ್ಲಿ ಹುಟ್ಟಿಯೂ ಹಿಂದಿನ ಎರಡು ಜೊತೆಯನ್ನು ಕಳೆದುಕೊಂಡ ವಂಶ ಇದು. ಇವುಗಳಲ್ಲಿ ಗಂಡು ಹೆಣ್ಣು ಕೂಡುವುದೇ ಇಲ್ಲ. ಗಂಡು ಎಲೆಯ ಮೇಲೆ ಸಣ್ಣ ಕಾಂಡದ ತುದಿಯಲ್ಲಿ ವೀರ್ಯದ ಪೊಟ್ಟಣಗಳನ್ನು ನಿಲ್ಲಿಸುತ್ತ ಹೋಗುತ್ತದೆ. ಆ ದಾರಿಯಲ್ಲಿ ಬಂದ ಹೆಣ್ಣು ಅದನ್ನು ಎತ್ತಿಕೊಳ್ಳುತ್ತದೆ. ಎತ್ತಿಕೊಳ್ಳದಿದ್ದರೂ ಮೊಟ್ಟೆಯಿಡುತ್ತದೆ, ಅವು ಗಂಡಾಗುತ್ತವೆ.

ಇದನ್ನು ಸಾಕುವುದು ಕಷ್ಟ. ಕತ್ತರಿಸಿದ ಎಲೆ ಇದಕ್ಕೆ ಸಾಲದು. ಇದಕ್ಕೆ ಬೇಕಾದದ್ದು ಬೆಳೆಯುತ್ತಿರುವ ಮೊಗ್ಗು, ಉಸಿರಾಡುವ ಗಿಡ. ಬೇರು ಬಿಟ್ಟ ಕಡ್ಡಿಗಳನ್ನು ಕುಂಡದಲ್ಲಿ ಇಟ್ಟು, ನುಸಿಯಿರುವ ಎಲೆಯ ಚೂರನ್ನು ಅಂಟಿಸಿ ಸಾಕಬೇಕು. ಈ ತೊಡಕಿನಲ್ಲೇ ತೋಟಗಾರರಿಗೆ ಒಂದು ಸುದ್ದಿಯಿದೆ. ಮಲ್ಲಿಗೆಯನ್ನು ನಾವು ಹಬ್ಬಿಸುವುದೂ ಕಡ್ಡಿಯಿಂದಲೇ ಅಲ್ಲವೆ? ನೆರೆಯವರ ತೋಟದಿಂದ ಪ್ರೀತಿಯಿಂದ ತಂದ ಕಡ್ಡಿಯ ಕಣ್ಣಿನಲ್ಲಿ ನುಸಿಯೂ ಬರಬಹುದು. ಕಡ್ಡಿ ಕಡಿಯುವ ಮೊದಲು ಎಳೆ ಎಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಕೂದಲ ತೇಪೆ ಇಲ್ಲದ ಗಿಡವನ್ನೇ ಆರಿಸುವುದು ಆಮೇಲೆ ಹೊಡೆಯುವ ಯಾವ ಔಷಧಿಗಿಂತಲೂ ಅಗ್ಗ.

ಮೆಣಸಿನಕಾಯಿಯ ಹಳದಿ ನುಸಿಯದು ಇನ್ನೂ ವೇಗ. ನದಿ ದಾಟಿದರೆ ಸಿಗುವ ಬ್ಯಾಡಗಿ ಸೀಮೆಯವರಿಗೂ, ಈಚೆಯವರಿಗೂ ಎಲೆ ಮುಟುರು ಗೊತ್ತಿರುವ ರೋಗ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಈ ನುಸಿ. ಅದರ ಮೊಟ್ಟೆಯ ಮೈತುಂಬ ಸಾಲಾಗಿ ಮುತ್ತು ಪೋಣಿಸಿದಂತೆ ಬಿಳಿ ಗುಬುಟುಗಳು. ಮೊಟ್ಟೆಯಿಂದ ಬೆಳೆದ ನುಸಿಯವರೆಗೆ ಬೆಚ್ಚಗಿನ ದಿನದಲ್ಲಿ ಐದು ದಿನ ಸಾಕು. ಪೊರೆ ಬಿಡಲು ಕಾದು ಸ್ತಬ್ಧವಾಗಿರುವ ಹೆಣ್ಣನ್ನು ಗಂಡು ಬೆನ್ನ ಹಿಂಭಾಗದಲ್ಲಿ ಅಡ್ಡಡ್ಡ ಹೊತ್ತು, ಗಿಡದ ಹೊಸ ಕುಡಿಗೆ ಒಯ್ಯುತ್ತದೆ. ಮುಂದಿನ ಸಂಸಾರ ಎಳೆ ಎಲೆಯ ಮೇಲೆಯೇ ಶುರುವಾಗುತ್ತದೆ. ಕುಡಿಯೇ ಮೊದಲು ಮುರುಟುವುದು ಅದಕ್ಕೆ.

ನಮ್ಮ ಕಡೆ ಔಷಧಿ ಸಿಂಪಡಿಸುವುದನ್ನು ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಎಣ್ಣೆ ಹೊಡೆದ ಮಾರನೆಯ ದಿನ ಎಲೆಯ ಮೇಲೆ ಓಡಾಟ ನಿಂತಿರುತ್ತದೆ. ವಾರ ಕಳೆದರೆ ಮತ್ತೆ ನುಸಿ. ಔಷಧಿ ನಕಲಿ ಎಂದು ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ. ತಟ್ಟೆಯ ದಿನಚರಿ ಓದಿದವರಿಗೆ ಇನ್ನೊಂದು ಕಾರಣ ಹೊಳೆಯುತ್ತದೆ. ಎಷ್ಟೋ ಔಷಧಿಗಳು ಓಡಾಡುವ ನುಸಿಯನ್ನು ಕೊಂದರೂ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆವತ್ತು ಇಟ್ಟ ಮೊಟ್ಟೆ ನಾಲ್ಕನೆಯ ದಿನ ಒಡೆದು, ಹತ್ತನೆಯ ದಿನ ತಾಯಾಗುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಬಳಗದ ಕೀಟನಾಶಕಗಳಂತೂ ನುಸಿಯ ಶತ್ರುಗಳನ್ನು ಕೊಂದು ನುಸಿಗೆ ಹೊಲವನ್ನು ಬಿಟ್ಟುಕೊಡುತ್ತವೆ.

ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಆಗುವುದು ಇನ್ನೂ ಕೆಟ್ಟದ್ದು, ಮತ್ತು ಅದರ ಬೇರು ಆ ತಂದೆಯಿಲ್ಲದ ಗಂಡಿನಲ್ಲಿದೆ. ನಮ್ಮಂಥ ಜೀವಿಗಳಲ್ಲಿ ಪ್ರತಿ ವಂಶವಾಹಿಗೂ ಎರಡು ಪ್ರತಿ ಇರುತ್ತವೆ, ಒಂದರ ಗುಣ ಇನ್ನೊಂದರ ಮರೆಯಲ್ಲಿ ಅಡಗಿರಬಹುದು. ಗಂಡು ನುಸಿಯಲ್ಲಿ ಇರುವುದು ಒಂದೇ ಪ್ರತಿ, ಮರೆ ಎಂಬುದಿಲ್ಲ. ವಿಷ ತಡೆಯುವ ವಂಶವಾಹಿ ಇದ್ದ ಗಂಡು ಉಳಿಯುತ್ತದೆ, ಇಲ್ಲದ್ದು ಸಾಯುತ್ತದೆ, ಉಳಿದದ್ದು ತನ್ನ ಗುಣವನ್ನು ಎಲ್ಲ ಹೆಣ್ಣು ಮಕ್ಕಳಿಗೂ ಕೊಡುತ್ತದೆ. ಹತ್ತು ದಿನಕ್ಕೊಂದು ತಲೆಮಾರು ಬೇರೆ. ಎರಡು ಚುಕ್ಕೆಯ ನುಸಿ ಜಗತ್ತಿನಲ್ಲಿ 90ಕ್ಕೂ ಹೆಚ್ಚು ರಾಸಾಯನಿಕಗಳನ್ನು ಒಂದಲ್ಲ ಒಂದು ಕಡೆ ತಡೆದು ನಿಂತಿದೆ. 2011ರಲ್ಲಿ ಅದರ ಇಡೀ ವಂಶವಾಹಿ ಗ್ರಂಥವನ್ನು ಓದಿದಾಗ ವಿಷವನ್ನು ಒಡೆದುಹಾಕುವ ಕಿಣ್ವಗಳ ದೊಡ್ಡ ಭಂಡಾರವೇ ಅದರಲ್ಲಿ ಕಂಡಿತು.

ನುಸಿಯನ್ನು ತಿನ್ನುವುದೂ ನುಸಿಯೇ. ನಿಯೋಸೀಯುಲಸ್ ಲಾಂಜಿಸ್ಪೈನೋಸಸ್ ಎಂಬ ಚುರುಕು ನುಸಿ ನಮ್ಮ ದೇಶದ್ದೇ. ಜೇಡರ ನುಸಿಯ ಬಲೆಯೊಳಗೆ ನುಗ್ಗಿ ಮೊಟ್ಟೆಗಳನ್ನು ಹೀರುತ್ತದೆ. ಬೆಚ್ಚಗಿನ ದಿನದಲ್ಲಿ ಇದು ಮೊಟ್ಟೆಯಿಂದ ಐದು ದಿನದೊಳಗೆ ಬೆಳೆದು ನಿಲ್ಲುತ್ತದೆ, ಬೇಟೆಗಿಂತ ಬೇಗ. ಹಾಗಿದ್ದೂ ಹೊಲದಲ್ಲಿ ಇದು ಹಿಂದೆ ಬೀಳುವುದು ಏಕೆ? ಸಂತಾನದ ಕಟ್ಟಳೆ ಬೇರೆಯಾದ್ದರಿಂದ. ಈ ಬಳಗದಲ್ಲೂ ಗಂಡಿಗೆ ವರ್ಣತಂತುಗಳು ಅರ್ಧವೇ, ಆದರೆ ದಾರಿ ಬೇರೆ. ಎಲ್ಲ ಮೊಟ್ಟೆಗೂ ತಂದೆಯ ಬೀಜ ಸೇರಲೇಬೇಕು. ಗಂಡಾಗುವ ಭ್ರೂಣ ಆಮೇಲೆ ತಂದೆಯ ಪಾಲನ್ನು ಹೊರಹಾಕುತ್ತದೆ. ಆದ್ದರಿಂದ ಕೂಡದ ಹೆಣ್ಣು ಮೊಟ್ಟೆಯನ್ನೇ ಇಡುವುದಿಲ್ಲ. ಒಂಟಿ ಕನ್ಯೆ ಪೀಡೆ ನುಸಿ ಊರು ಕಟ್ಟುತ್ತದೆ, ಒಂಟಿ ಕನ್ಯೆ ರಕ್ಷಕ ನುಸಿ ಗಂಡಿಗಾಗಿ ಕಾಯುತ್ತದೆ. ಸಿಂಪಡಣೆಯಲ್ಲಿ ಎರಡೂ ಸತ್ತು ಅಲ್ಲೊಂದು ಇಲ್ಲೊಂದು ಉಳಿದಾಗ ಯಾವುದು ಮೊದಲು ಚೇತರಿಸಿಕೊಳ್ಳುತ್ತದೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಆದ್ದರಿಂದ ಎಣ್ಣೆಯ ಪಂಪು ಹೆಗಲಿಗೇರಿಸುವ ಮೊದಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೊಂದನ್ನು ಕೈಗೆ ತೆಗೆದುಕೊಳ್ಳಿ. ತೋಟದ ನಾಲ್ಕು ಮೂಲೆ ಮತ್ತು ನಡುವಿನಿಂದ ಕೆಲವು ಎಲೆ ಕಿತ್ತು ತಿರುವಿ ಹಿಡಿಯಿರಿ. ನರದ ಪಕ್ಕ ದುಂಡನೆಯ ಮೊಟ್ಟೆಗಳು ಕಂಡರೆ ಅವು ಪೀಡೆಯವು. ಅವುಗಳ ನಡುವೆ ಅವಕ್ಕಿಂತ ದೊಡ್ಡದಾದ, ಕೋಳಿಮೊಟ್ಟೆಯ ಹಾಗೆ ಉದ್ದುದ್ದನೆಯ, ಹೊಳೆಯುವ ಮೊಟ್ಟೆಯೊಂದು ಕಂಡರೆ ಅದು ತಿನ್ನಲು ಬಂದವಳದು. ಅಂಥವು ಎಲೆ ಎಲೆಯಲ್ಲೂ ಸಿಗುತ್ತಿದ್ದರೆ ಪಂಪನ್ನು ಕೆಳಗಿಟ್ಟು, ಐದನೆಯ ದಿನ ಬಂದು ಮತ್ತೆ ಎಣಿಸಿ.